ಅನಧಿಕಾರಿಯೆಂಬ ತೀರ್ಪು

ವಿದ್ಯೆಯನ್ನು ಗ್ರಹಿಸಲಾರದವನೊಬ್ಬನು ಎದುರಿಗೆ ಬಂದು ನಿಂತಾಗ, ಆ ಅಗ್ರಹಣಕ್ಕೆ ಕಾರಣವು ಅವನ ಸ್ವಭಾವದಲ್ಲಿಯೇ ಅಡಗಿರುವ ಕೊರತೆಯೋ, ಅವನಿಗೆ ವಿದ್ಯೆಯನ್ನು ನೀಡಹೊರಟವನು ಹಿಡಿದ ಕ್ರಮದ ದೋಷವೋ ಎಂಬ ಪ್ರಶ್ನೆಯು ನಮ್ಮ ಶಾಸ್ತ್ರಗಳಷ್ಟೇ ಪ್ರಾಚೀನವಾದುದು. ಗ್ರಂಥಾರಂಭದಲ್ಲಿಯೇ ಇದನ್ನು ಓದಲು ಅಧಿಕಾರಿ ಯಾರೆಂಬುದನ್ನು ನಿರ್ಣಯಿಸಿಕೊಂಡು ಮುಂದುವರಿಯುವುದು ಭಾಷ್ಯಕಾರರ ಪದ್ಧತಿ. ವಿಷಯ, ಪ್ರಯೋಜನ, ಸಂಬಂಧ ಎಂಬ ಮೂರರೊಡನೆ ಅಧಿಕಾರಿಯನ್ನೂ ಸೇರಿಸಿ ಅದನ್ನು ಅನುಬಂಧಚತುಷ್ಟಯವೆಂದು ಕರೆದರು. ಬ್ರಹ್ಮಸೂತ್ರದ ಮೊದಲ ಸೂತ್ರಕ್ಕೆ ಭಾಷ್ಯ ಬರೆಯುತ್ತ ಶಂಕರಾಚಾರ್ಯರು ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ಸಾಧನಗಳುಳ್ಳವನನ್ನು ಅಧಿಕಾರಿಯೆಂದು ಹೇಳಿದರೆ, ನಮ್ಮ ತುಳುನಾಡಿನ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಅದೇ ಸೂತ್ರದ ಭಾಷ್ಯದಲ್ಲಿ ಅಧಿಕಾರಿಗಳನ್ನು ಮಂದ, ಮಧ್ಯಮ, ಉತ್ತಮರೆಂದು ಮೂರು ತೆರನಾಗಿ ವಿಂಗಡಿಸಿದರು. ಈ ವಿಚಾರದ ತಿರುಳಿನಲ್ಲಿ ಅಸತ್ಯವೇನೂ ಇಲ್ಲ. ಎಲ್ಲರೂ ಎಲ್ಲವನ್ನೂ ಒಂದೇ ಬಗೆಯಲ್ಲಿ ಗ್ರಹಿಸಲಾರರೆಂಬುದು ಪಾಠ ಹೇಳಿದವರೆಲ್ಲರೂ ಬಲ್ಲ ಮಾತು. ಆದರೆ ಈ ತತ್ತ್ವವು ಗ್ರಂಥದಿಂದ ಇಳಿದು ಲೋಕವ್ಯವಹಾರಕ್ಕೆ ಬಂದಾಗ ಅದರ ಭಾರವೆಲ್ಲವೂ ಗ್ರಹಿಸುವವನ ಮೇಲೆಯೇ ಬಿದ್ದಿತು. ನೀಡುವವನ ಅಧಿಕಾರವನ್ನು ಪರೀಕ್ಷಿಸುವವರು ವಿರಳರಾದರು. ಇದು ಅನ್ಯಾಯವೆಂದು ನನಗೆ ಬಹುಕಾಲದಿಂದ ತೋರುತ್ತಿದ್ದರೂ, ತರ್ಕದಲ್ಲಿ ತಪ್ಪು ಯಾವ ಹೆಜ್ಜೆಯಲ್ಲಿ ನುಸುಳಿತೆಂಬುದು ನಿಚ್ಚಳವಾಗಿ ಕಂಡದ್ದು ಮಂಗಳೂರಿನ ಬಂದರಿನಲ್ಲಿ, ಒಂದು ಹಳೆಯ ಗಣಕದ ಮಾನಿಟರಿನ ಮುಂದೆ.

ಬಂದರ್ ಎಂಬ ಆ ಪೇಟೆಯನ್ನು ನೋಡಿದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಫಲ್ಗುಣಿ ನದಿಯು ನೇತ್ರಾವತಿಯನ್ನು ಕೂಡಿ ಕಡಲಿಗಿಳಿಯುವ ಅಳಿವೆಯ ದಡದಲ್ಲಿ, ಝೀನತ್ ಬಕ್ಷ್ ಜುಮ್ಮಾ ಮಸೀದಿಯ ಸುತ್ತಮುತ್ತ, ಹಂಚಿನ ಮಾಡಿನ ಹಳೆಯ ಗೋದಾಮುಗಳೂ ಸಗಟು ಅಂಗಡಿಗಳೂ ಒತ್ತೊತ್ತಾಗಿ ನಿಂತಿರುವ, ಅಡಕೆ, ಮೆಣಸು, ಒಣಮೀನು, ಹಗ್ಗ, ಕಬ್ಬಿಣಗಳ ವಾಸನೆಗಳು ಬೆರೆತುಹೋಗಿರುವ ಇಕ್ಕಟ್ಟಾದ ಓಣಿಗಳ ಊರು ಅದು. ಪಣಂಬೂರಿನ ಹೊಸ ಬಂದರು 1970ರ ದಶಕದಲ್ಲಿ ಕೆಲಸಕ್ಕೆ ತೊಡಗಿದ ಮೇಲೆ ದೊಡ್ಡ ಹಡಗುಗಳು ಅತ್ತ ಸರಿದುಹೋದರೂ, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಈ ಹಳೆಯ ದಕ್ಕೆಯನ್ನು ಬಿಟ್ಟುಹೋಗಲಿಲ್ಲ. ಇಲ್ಲಿಯ ಗುಜರಿ ಅಂಗಡಿಗಳಿಗೆ ಹಡಗಿನ ಸರಪಳಿಯಿಂದ ಹಿಡಿದು ಕಚೇರಿಯ ಗಣಕದವರೆಗೆ ಎಲ್ಲ ತೆರನ ನಿರ್ಮಾಲ್ಯವೂ ಬಂದು ಸೇರುತ್ತದೆ; ಕಬ್ಬಿಣ ಬೇರೆ, ಹಿತ್ತಾಳೆ ಬೇರೆ, ತಾಮ್ರ ಬೇರೆ ಎಂದು ರಾಶಿ ಬೀಳುತ್ತದೆ.

ಅಂಥದೊಂದು ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದವನು ನಮ್ಮ ನೆರೆಮನೆಯ ಒಬ್ಬ ತರುಣ, ಎಲೆಕ್ಟ್ರಾನಿಕ್ಸ್ ರಿಪೇರಿಯಲ್ಲಿ ಕೈ ಪಳಗಿದವನು. ಮೂಲೆಯಲ್ಲಿ ಒಬ್ಬಾಳಿಗೆ ಎತ್ತಲು ಕಷ್ಟವಾಗುವಷ್ಟು ಭಾರವಾದ, ಬೂದುಬಣ್ಣದ ಒಂದು ದೊಡ್ಡ ಮಾನಿಟರು ಗೋಡೆಗೆ ಮುಖಮಾಡಿ ಕುಳಿತಿತ್ತು. ಅದರ ಬೆನ್ನಿನ ಚೀಟಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಹೆಸರಿತ್ತು. ವ್ಯಾಪಾರಿಯು ಹಿರಿಯ, ಎಲ್ಲರೂ ಅವರನ್ನು ಕಾಕನೆಂದೇ ಕರೆಯುವುದು. “ಕರೆಂಟು ಕೊಟ್ರೆ ಲೈಟು ಬರ್ತದೆ ಮಾಸ್ಟ್ರೇ, ಕಂಪ್ಯೂಟರಿಗೆ ಹಾಕಿದ್ರೆ ಎಂತ ಸಾ ಬರುದಿಲ್ಲ. ಹಾಳಾಗಿದೆ. ಒಳಗಿನ ತಾಮ್ರಕ್ಕೆ ಮಾತ್ರ ಕ್ರಯ” ಎಂದರು ಅವರು, ಸುಳ್ಳಿಲ್ಲದ ವ್ಯಾಪಾರಿಯ ನೇರ ದನಿಯಲ್ಲಿ. ತರುಣನು ಮಂಡಿಯೂರಿ ಚೀಟಿಯನ್ನು ಬೆರಳಿನಿಂದ ಒರಸಿ ಓದಿ, “ಹಾಳಾಗ್ಲಿಲ್ಲ ಕಾಕ, ಅದಕ್ಕೆ ಬೇಕಾದ್ದನ್ನು ಯಾರೂ ಕೊಡ್ಲಿಲ್ಲ, ಅಷ್ಟೆ” ಎಂದನು. ಈ ಎರಡು ವಾಕ್ಯಗಳ ನಡುವೆ ನಮ್ಮ ಧರ್ಮಶಾಸ್ತ್ರದ ಒಂದು ದೊಡ್ಡ ವಿವಾದವೇ ನಿಂತಿರುವುದೆಂದು ನನಗೆ ಆ ಕ್ಷಣವೇ ತೋರಿತು. ಆದರೆ ಅದನ್ನು ವಿವರಿಸಲು ಯಂತ್ರದ ರಹಸ್ಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುವುದು.

ಹಳೆಯ ಗಾಜಿನ ಮಾನಿಟರಿನಲ್ಲಿ ಚಿತ್ರವೆಂಬುದು ಒಂದು ಕ್ಷಣಕ್ಕೂ ಪೂರ್ಣವಾಗಿ ಇರುವುದಿಲ್ಲ. ಕೊಳವೆಯ ಕಂಠದಿಂದ ಹೊರಟ ಎಲೆಕ್ಟ್ರಾನುಗಳ ಕಿರಣವು ಸುಮಾರು 25,000 ವೋಲ್ಟುಗಳ ಸೆಳೆತಕ್ಕೆ ಸಿಕ್ಕಿ ಮುಂಭಾಗದ ಗಾಜಿನ ಒಳಮೈಯ ರಂಜಕಲೇಪಕ್ಕೆ ಬಡಿದಾಗ ಬೆಳಗುವುದು ಒಂದು ಸಣ್ಣ ತಾಣ ಮಾತ್ರ. ಕಂಠಕ್ಕೆ ಸುತ್ತಿದ ತಾಮ್ರದ ಸುರುಳಿಗಳಲ್ಲಿ ಹರಿಯುವ ಪ್ರವಾಹವು ಆ ತಾಣವನ್ನು ಎಡದಿಂದ ಬಲಕ್ಕೆ ಎಳೆದೊಯ್ದು, ಥಟ್ಟನೆ ಮರಳಿಸಿ, ಒಂದು ಸಾಲು ಕೆಳಗೆ ಮತ್ತೆ ಎಳೆದೊಯ್ಯುತ್ತ, ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಸೆಕೆಂಡಿಗೆ ಅರುವತ್ತೆಪ್ಪತ್ತು ಸಲ ನಡೆಸಿದರೆ, ಲೇಪದಲ್ಲಿ ಕ್ಷಣಮಾತ್ರ ಉಳಿಯುವ ಬೆಳಕೂ ನಮ್ಮ ಕಣ್ಣಿನ ಮಂದಗತಿಯೂ ಸೇರಿ ಅದನ್ನು ಚಿತ್ರವೆಂದು ಕಾಣಿಸುತ್ತವೆ. ಗೌಡಪಾದರು ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂದು ಹೆಸರಿಟ್ಟು, ತಿರುಗಿಸಿದ ಕೊಳ್ಳಿಯ ತುದಿಯಲ್ಲಿ ಕಾಣುವ ವೃತ್ತದ ದೃಷ್ಟಾಂತದಿಂದ, ಗ್ರಾಹ್ಯವೂ ಗ್ರಾಹಕನೂ ವಿಜ್ಞಾನಸ್ಪಂದವೇ ಹೊರತು ಬೇರೆಯಲ್ಲವೆಂದು ಸಾಧಿಸಿದುದನ್ನು ವೇದಾಂತವನ್ನು ಓದಿದವರು ಬಲ್ಲರು. ಅವರ ಸಿದ್ಧಾಂತವನ್ನು ಇಲ್ಲಿ ವಿಮರ್ಶಿಸುವುದು ನನ್ನ ಉದ್ದೇಶವಲ್ಲ. ಆದರೆ ಕೊಳ್ಳಿಯ ವೃತ್ತಕ್ಕೂ ಒಂದು ನಿಯಮವುಂಟೆಂಬುದನ್ನು ಮರೆಯಬಾರದು: ಕೈ ನಿಧಾನವಾದರೆ ಅಲ್ಲಿ ವೃತ್ತವೇ ಇಲ್ಲ, ಅಲೆದಾಡುವ ಒಂದು ಕಿಡಿ ಮಾತ್ರ. ತಿರುಗಿಸುವವನ ಲಯವೂ ನೋಡುವವನ ಕಣ್ಣಿನ ಲಯವೂ ಹೊಂದಿದಲ್ಲಿ ಮಾತ್ರ ರೂಪವು ಉದಯಿಸುವುದು. ಮಾಯೆಯೆಂದರೂ ಸರಿ, ಸತ್ಯವೆಂದರೂ ಸರಿ, ಅದು ಇಬ್ಬರ ಒಪ್ಪಂದ.

ವರ್ಕ್‌ಸ್ಟೇಷನ್ ಎಂಬ ಗಣಕಗಳಲ್ಲಿ ಈ ಒಪ್ಪಂದವು ಬಹು ಬಿಗಿಯಾಗಿತ್ತು. 1980 ಮತ್ತು 90ರ ದಶಕಗಳಲ್ಲಿ ಎಂಜಿನಿಯರುಗಳ ಹಾಗೂ ವಿಜ್ಞಾನಿಗಳ ಮೇಜುಗಳ ಮೇಲೆ ಕುಳಿತಿದ್ದ ಸನ್, ಸಿಲಿಕಾನ್ ಗ್ರಾಫಿಕ್ಸ್, ಎಚ್‌ಪಿ ಮೊದಲಾದ ಕಂಪೆನಿಗಳ ಆ ಯಂತ್ರಗಳು ತಮ್ಮ ಮಾನಿಟರುಗಳನ್ನು ತಾವೇ ಆರಿಸಿಕೊಂಡು, ಒಂದೇ ಬಗೆಯ ಸಂಕೇತವನ್ನು ಮಾತ್ರ ಕಳುಹಿಸುತ್ತಿದ್ದುದರಿಂದ, ಆ ಮಾನಿಟರುಗಳು ಮತ್ತೊಂದನ್ನು ಅರಿಯಬೇಕಾದ ಅಗತ್ಯವೇ ಹುಟ್ಟಲಿಲ್ಲ. ಸನ್‌ನ ಒಂದು ಪ್ರಸಿದ್ಧ ಕ್ರಮದಲ್ಲಿ ಪರದೆಯು ಅಡ್ಡಕ್ಕೆ 1152, ಉದ್ದಕ್ಕೆ 900 ಬಿಂದುಗಳು. ಸೆಕೆಂಡಿಗೆ 66 ಸಲ ಚಿತ್ರವು ಹೊಸದಾಗುವುದು. ಅಂದರೆ ಕಿರಣವು ಸೆಕೆಂಡಿಗೆ ಹತ್ತಿರ ಹತ್ತಿರ 61,800 ಸಾಲುಗಳನ್ನು ಎಳೆಯಬೇಕು. ಈ ಒಂದು ವೇಗಕ್ಕೇ ಸುರುಳಿ, ಕೆಪಾಸಿಟರ್, ಟ್ರಾನ್ಸಿಸ್ಟರುಗಳನ್ನೆಲ್ಲ ಶ್ರುತಿಗೊಳಿಸಿಟ್ಟುದರಿಂದ ಅಂಚಿನಿಂದ ಅಂಚಿಗೆ ಅಕ್ಷರವು ತೀಕ್ಷ್ಣವಾಗಿ, ಕದಲದೆ ನಿಲ್ಲುತ್ತಿತ್ತು. ಇವುಗಳಲ್ಲಿ ಹಲವಕ್ಕೆ ಸೋನಿಯವರು 1968ರಲ್ಲಿ ಬಳಕೆಗೆ ತಂದ ಟ್ರಿನಿಟ್ರಾನ್ ಕೊಳವೆ. ಬಿಳಿಯ ಹಿನ್ನೆಲೆಯಲ್ಲಿ ಗಮನವಿಟ್ಟು ನೋಡಿದರೆ, ಒಳಗಿನ ಸೀಳುಗಳ ಜಾಲರಿಯನ್ನು ಅಲುಗದಂತೆ ಹಿಡಿದಿರುವ ಕೂದಲೆಳೆಯ ತಂತಿಯ ನೆರಳು ಪರದೆಗೆ ಅಡ್ಡಲಾಗಿ ಕಾಣುವುದು. ಅದು ದೋಷವಲ್ಲ, ಆ ಕೊಳವೆಯ ಕುಲಚಿಹ್ನೆ.

ಮನೆಯ ಗಣಕದ ಸಂಪ್ರದಾಯವೇ ಬೇರೆ. 1987ರಲ್ಲಿ ಐಬಿಎಂ ಕಂಪೆನಿಯ ಪಿಎಸ್/2 ಯಂತ್ರದೊಡನೆ ಬಂದ ವಿಜಿಎ ಪದ್ಧತಿಯನ್ನು ಅನುಸರಿಸಿ, ಗುಂಡಿಯೊತ್ತಿದ ಕೂಡಲೇ ಅದು ಕಳುಹಿಸುವ ಮೊದಲ ಅಕ್ಷರಗಳು ಸೆಕೆಂಡಿಗೆ ಸುಮಾರು 31,500 ಸಾಲುಗಳ ವೇಗದವು, ಅಂದರೆ ಸನ್ ಮಾನಿಟರು ಬಲ್ಲ ವೇಗದ ಅರ್ಧದಷ್ಟು. ಅದಲ್ಲದೆ, ಸಾಲು ಎಲ್ಲಿ ತೊಡಗಬೇಕು, ಪುಟ ಎಲ್ಲಿ ತೊಡಗಬೇಕು ಎಂದು ತಿಳಿಸುವ ಸಿಂಕ್ ಎಂಬ ಎರಡು ತಾಳಗಳನ್ನು ಮನೆಯ ಗಣಕವು ಎರಡು ಬೇರೆ ತಂತಿಗಳಲ್ಲಿ ಕಳುಹಿಸಿದರೆ, ಸನ್ ಮಾನಿಟರು ಅವೆರಡೂ ಕೂಡಿ ಒಂದೇ ತಂತಿಯಲ್ಲಿ ಬರಬೇಕೆಂದು ಅಪೇಕ್ಷಿಸುವುದು; ಸಿಲಿಕಾನ್ ಗ್ರಾಫಿಕ್ಸ್‌ನ ಅನೇಕ ಮಾನಿಟರುಗಳಿಗೆ ಅದೂ ಸಾಲದು, ಹಸಿರು ಬಣ್ಣದ ಸಂಕೇತದ ಅಡಿಯಲ್ಲಿ 0.3 ವೋಲ್ಟಿನಷ್ಟು ಕೆಳಗಿಳಿದು ತಾಳವು ಅಡಗಿ ಬರಬೇಕು. ಕೇಬಲಿನ ತುದಿಯೂ ಹೊಂದದು: ಇತ್ತ ಮೂರು ಸಾಲುಗಳಲ್ಲಿ 15 ಸಣ್ಣ ಮುಳ್ಳುಗಳು, ಅತ್ತ ಅಗಲವಾದ ಲೋಹದ ಚೌಕಟ್ಟಿನಲ್ಲಿ ಮೂರು ದಪ್ಪ ದುಂಡು ಕೊಳವೆಗಳೂ ಅವುಗಳ ನಡುವೆ ಹತ್ತು ಸೂಜಿಗಳೂ. ಹೀಗಿರಲು, ಕೇವಲ ಒಂದು ಕೇಬಲನ್ನು ಹೇಗೋ ಹೊಂದಿಸಿ ಜೋಡಿಸಿದವನಿಗೆ ಕಾಣುವುದು ಕತ್ತಲೆ, ಇಲ್ಲವೆ ಹರಿದ ಬಟ್ಟೆಯಂತೆ ಓರೆಯಾಗಿ ಚೆದುರಿದ ಗೆರೆಗಳು. ಕಾಕ ಕಂಡದ್ದು ಅದನ್ನೇ. ಅವರ ತೀರ್ಪಿಗೆ ಅದೇ ಆಧಾರ.

ನನ್ನ ವಾದವೆಲ್ಲವೂ ನಿಂತಿರುವುದು ಈ ಕತ್ತಲೆಯ ಮೇಲೆ. ಒಳಗಿನ ಟ್ರಾನ್ಸಿಸ್ಟರು ಸುಟ್ಟುಹೋದ ಮಾನಿಟರೂ ಕತ್ತಲೆಯನ್ನೇ ತೋರಿಸುವುದು. ಸರ್ವಾಂಗಸುಸ್ಥಿತಿಯಲ್ಲಿದ್ದು ತನ್ನದಲ್ಲದ ಸಂಕೇತವನ್ನು ಪಡೆದ ಮಾನಿಟರೂ ಕತ್ತಲೆಯನ್ನೇ ತೋರಿಸುವುದು. ಹೊರಗೆ ನಿಂತು ನೋಡುವವನಿಗೆ ಇವೆರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವೂ ಕಾಣದು. ವ್ಯತ್ಯಾಸವನ್ನು ತಿಳಿಯಲು ಇರುವ ಉಪಾಯ ಒಂದೇ: ಅದಕ್ಕೆ ಸಹಜವಾದ ಸಂಕೇತವನ್ನು, ಅದು ಬಯಸುವ ವೇಗದಲ್ಲಿ, ಅದು ಬಯಸುವ ತಂತಿಯಲ್ಲಿ, ಮೊದಲು ಕೊಟ್ಟು ನೋಡುವುದು. ಅನಂತರವೂ ಕತ್ತಲೆಯೇ ಉಳಿದರೆ ದೋಷವು ಅದರದೆನ್ನಬಹುದು. ಅದಕ್ಕೆ ಮುಂಚೆ ಹೇಳಿದ ಮಾತು ಊಹೆಯೇ ಹೊರತು ಪ್ರಮಾಣವಲ್ಲ. ನಮ್ಮ ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಯೋಗ್ಯವಾದ ಸಾಮಗ್ರಿ ಒದಗಿಯೂ ಕಾಣದಿದ್ದಾಗ ಮಾತ್ರ ಅನುಪಲಬ್ಧಿಯು ಅಭಾವಕ್ಕೆ ಸಾಧಕವಾಗುವುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಅನಧಿಕಾರವೆಂಬುದೂ ಒಂದು ಅಭಾವವೇ ಆಗಿರುವಾಗ, ಅದರ ನಿರ್ಣಯಕ್ಕೆ ಈ ನಿಯಮವನ್ನು ಏಕೆ ಅನ್ವಯಿಸಲಿಲ್ಲ?

ಅನ್ವಯಿಸಲಿಲ್ಲವೆಂಬುದಕ್ಕೆ ಗ್ರಂಥಗಳೇ ಸಾಕ್ಷಿ. ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಅಪಶೂದ್ರಾಧಿಕರಣವೆಂಬ ಭಾಗವಿದೆ. ಶೂದ್ರನಿಗೆ ವೇದಾಧ್ಯಯನಪೂರ್ವಕವಾದ ಬ್ರಹ್ಮವಿದ್ಯೆಯಲ್ಲಿ ಅಧಿಕಾರವಿಲ್ಲವೆಂಬುದು ಅಲ್ಲಿಯ ನಿರ್ಣಯ. ಪರಸ್ಪರ ತೀವ್ರವಾಗಿ ಭಿನ್ನಾಭಿಪ್ರಾಯವುಳ್ಳ ಶಂಕರ, ರಾಮಾನುಜ, ಮಧ್ವರೆಂಬ ಮೂವರು ಆಚಾರ್ಯರೂ ಈ ಒಂದು ಸ್ಥಳದಲ್ಲಿ ಒಮ್ಮತದಿಂದಿದ್ದಾರೆ. ವಿದುರ, ಧರ್ಮವ್ಯಾಧರಂಥವರಿಗೆ ಜ್ಞಾನವು ಉಂಟಾದುದನ್ನು ಶಂಕರರು ಅಲ್ಲಗಳೆಯಲಿಲ್ಲ. ಅದು ಪೂರ್ವಸಂಸ್ಕಾರದ ಫಲವೆಂದೂ, ಇತಿಹಾಸಪುರಾಣಗಳ ಶ್ರವಣಕ್ಕೆ ನಾಲ್ಕು ವರ್ಣದವರಿಗೂ ಅವಕಾಶವುಂಟೆಂದೂ ಅವರು ಒಪ್ಪಿದರು. ಪೂಜ್ಯರ ಮಾತನ್ನು ಲಘುವಾಗಿ ಕಾಣುವುದು ನನ್ನ ಸ್ವಭಾವವಲ್ಲ; ಆದರೂ ಹೇಳಲೇಬೇಕು: ಜ್ಞಾನದ ಬೆಳಕು ತಾನಾಗಿ ಹೊಳೆದ ವಿದುರನನ್ನು ಕಣ್ಣಾರೆ ಕಂಡ ಮೇಲೆಯೂ ಬಾಗಿಲನ್ನು ಮುಚ್ಚಿಯೇ ಇಟ್ಟುದು ಪರೀಕ್ಷೆಯಿಂದ ಹುಟ್ಟಿದ ನಿರ್ಣಯವಲ್ಲ. ಸಂಕೇತವನ್ನು ಕೊಡಲೇ ಇಲ್ಲ. ಕತ್ತಲೆಯನ್ನು ಮೊದಲೇ ವಿಧಿಸಲಾಗಿತ್ತು.

ಇದಕ್ಕಿಂತ ಹಳೆಯದೂ ಉದಾರವೂ ಆದ ಮತ್ತೊಂದು ಮಾದರಿ ಶ್ರುತಿಯಲ್ಲಿಯೇ ಇದೆ. ಬೃಹದಾರಣ್ಯಕದ ಐದನೆಯ ಅಧ್ಯಾಯದಲ್ಲಿ ದೇವತೆಗಳು, ಮನುಷ್ಯರು, ಅಸುರರು ಎಂಬ ಮೂರು ಬಗೆಯ ಮಕ್ಕಳು ಪ್ರಜಾಪತಿಯಲ್ಲಿ ಬ್ರಹ್ಮಚರ್ಯದಿಂದಿದ್ದು ಉಪದೇಶವನ್ನು ಬೇಡುವರು. ಆತನು ಮೂವರಿಗೂ ಒಂದೇ ಅಕ್ಷರವನ್ನು ಹೇಳಿದರೆ, ದೇವತೆಗಳು ಅದನ್ನು ಇಂದ್ರಿಯನಿಗ್ರಹವೆಂದೂ, ಮನುಷ್ಯರು ದಾನವೆಂದೂ, ಅಸುರರು ದಯೆಯೆಂದೂ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಗ್ರಹಿಸುವರು. ಈ ಕಥೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಕೊಂಡಾಡುವುದು ಅಕ್ಷರದ ಮಹಿಮೆಯನ್ನು. ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ: ಅಕ್ಷರವನ್ನು ಹೇಳಿದ ಪ್ರಜಾಪತಿಯು ಸುಮ್ಮನಾಗುವುದಿಲ್ಲ, ತಿಳಿಯಿತೇ ಎಂದು ಪ್ರತಿಯೊಂದು ಗುಂಪನ್ನೂ ಕೇಳುತ್ತಾನೆ, ಅವರ ಉತ್ತರವನ್ನು ಆಲಿಸಿ ಸರಿಯೆನ್ನುತ್ತಾನೆ. ಅಸುರರಿಗೆ ಅಧಿಕಾರವಿಲ್ಲವೆಂದು ಆತನು ಹೇಳಲಿಲ್ಲ. ತಲುಪಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಹೊಣೆಯನ್ನು ಸೃಷ್ಟಿಕರ್ತನೇ ತನ್ನ ಮೇಲೆ ಹೊತ್ತುಕೊಂಡಿರುವಾಗ, ನಮ್ಮಂಥ ಅಲ್ಪಜ್ಞರು ಅದನ್ನು ಹೇಗೆ ಕಳಚಿಕೊಳ್ಳಬಹುದು? ಬಂದರಿನ ಮಸೀದಿಯಲ್ಲಿ ಪಾರಾಯಣಗೊಳ್ಳುವ ಖುರ್‌ಆನಿನ ಇಬ್ರಾಹೀಮ್ ಎಂಬ ಅಧ್ಯಾಯದಲ್ಲಿಯೂ, ಪ್ರತಿಯೊಬ್ಬ ಪ್ರವಾದಿಯನ್ನೂ ಅವನ ಜನರ ಭಾಷೆಯಲ್ಲಿಯೇ ಕಳುಹಿಸಲಾಯಿತೆಂಬ ಅರ್ಥದ ಮಾತು ಉಂಟು.

ತರುಣನ ಕೆಲಸಕ್ಕೆ ಮರಳುತ್ತೇನೆ. ಆ ಮಾನಿಟರನ್ನು ತಾಮ್ರದ ಕ್ರಯಕ್ಕೆ ಕೊಂಡು ಆಟೋರಿಕ್ಷಾದಲ್ಲಿ ಮನೆಗೆ ತಂದ ಅವನು ಮಾನಿಟರಿನ ಒಂದು ತಿರುಪನ್ನೂ ಬಿಚ್ಚಲಿಲ್ಲ. ಅವನು ತಿದ್ದಿದುದೆಲ್ಲವೂ ತನ್ನ ಗಣಕವನ್ನು. ಎರಡು ತಾಳಗಳನ್ನು ಕೂಡಿಸಿ ಒಂದಾಗಿಸುವ ಸಣ್ಣ ಮಂಡಲವನ್ನು ಬೆಸುಗೆ ಹಾಕಿ ಕೇಬಲಿನ ನಡುವೆ ಇರಿಸಿದನು. ಗಣಕವು ಎಚ್ಚರಗೊಳ್ಳುವಾಗ ಕಳುಹಿಸುವ ಮೊದಲ ಅಕ್ಷರಗಳನ್ನು ಈ ಮಾನಿಟರು ಎಂದಿಗೂ ಓದಲಾರದೆಂಬುದನ್ನು ಒಪ್ಪಿಕೊಂಡು, ಅಷ್ಟು ಹೊತ್ತಿಗೆ ಒಂದು ಸಾಧಾರಣ ಮಾನಿಟರನ್ನು ಜೋಡಿಸಿಕೊಂಡನು. ಬಳಿಕ ಲಿನಕ್ಸ್ ವ್ಯವಸ್ಥೆಯ ಸಂರಚನಾ ಕಡತವನ್ನು ತೆರೆದು, ಮೋಡ್‌ಲೈನ್ ಎಂಬ ಒಂದೇ ಸಾಲನ್ನು ಬರೆದನು. ಅವನ ಹೆಗಲ ಮೇಲಿಂದ ನಾನು ಓದಿದ ಆ ಸಾಲಿನ ಅಂಕಿಗಳು ಹೀಗಿದ್ದವು: 92.94, ಅನಂತರ 1152, 1192, 1320, 1504, ಕೊನೆಗೆ 900, 902, 906, 937. ಮೊದಲನೆಯದು ಸೆಕೆಂಡಿಗೆ ಕಳುಹಿಸಬೇಕಾದ ಬಿಂದುಗಳ ಸಂಖ್ಯೆ, ದಶಲಕ್ಷಗಳಲ್ಲಿ. ಮುಂದಿನ ನಾಲ್ಕು, ಒಂದು ಸಾಲಿನ ಲೆಕ್ಕ: ಕಾಣುವ ಬಿಂದುಗಳು 1152; ಆದರೆ ಸಾಲು ಮುಗಿಯುವುದು 1504ಕ್ಕೆ. ಉಳಿದ 352 ಬಿಂದುಗಳಷ್ಟು ಕಾಲ ಗಣಕವು ಏನನ್ನೂ ಹೇಳದೆ ಕಾಯುತ್ತದೆ. ಕಿರಣವು ಬಲದಂಚಿನಿಂದ ಎಡದಂಚಿಗೆ ಮರಳಬೇಕಲ್ಲ, ಅದಕ್ಕೆ ಬೇಕಾಗುವ ಸಮಯ ಅದು. 900 ಸಾಲುಗಳ ಮೇಲೆ ಕಾಣದ 37 ಸಾಲುಗಳೂ ಹಾಗೆಯೇ. ನೀಡುವವನು ತನ್ನ ಸಮಯದ ಕಾಲುಭಾಗದಷ್ಟನ್ನು ಗ್ರಹಿಸುವವನು ಮುಂದಿನ ಸಾಲಿಗೆ ಸಿದ್ಧನಾಗಲೆಂದು ಮೌನದಲ್ಲಿ ಕಳೆಯುವನೆಂಬುದನ್ನು ಕಂಡು ನಾನು ಬೆರಗಾದೆ. ಎಷ್ಟು ಉಪಾಧ್ಯಾಯರು ಈ ಮೌನವನ್ನು ಬಲ್ಲರು?

ಒಂದು ಎಚ್ಚರಿಕೆಯನ್ನೂ ಅವನು ಹೇಳಿದನು. ಬಹುಕಾಲ ತಪ್ಪಾದ ವೇಗದ ಸಂಕೇತವನ್ನು ಕೊಟ್ಟುಕೊಂಡು ಪರೀಕ್ಷಿಸುತ್ತ ಕುಳಿತರೆ, ಕೆಳವೇಗದಲ್ಲಿ ಸುರುಳಿಯ ಪ್ರವಾಹವು ಮಿತಿಮೀರಿ ಏರಿ, ರಕ್ಷಣೆಯಿಲ್ಲದ ಹಳೆಯ ಮಾನಿಟರಿನ ಟ್ರಾನ್ಸಿಸ್ಟರು ನಿಜವಾಗಿಯೂ ಸುಟ್ಟುಹೋಗಬಹುದು. ಅಂದರೆ, ಸ್ವಸ್ಥವಾಗಿದ್ದುದನ್ನು ಹಾಳಾದುದೆಂದು ತಪ್ಪಾಗಿ ತಿಳಿದವನು, ಆ ತಿಳಿವಳಿಕೆಯನ್ನೇ ಹಿಡಿದು ವರ್ತಿಸುತ್ತ ಹೋದರೆ, ಅದನ್ನು ಹಾಳಾದುದನ್ನಾಗಿಯೇ ಮಾಡಿ, ತನ್ನ ತೀರ್ಪು ನಿಜವಾಯಿತೆಂದು ಸಮಾಧಾನಪಡುವನು. ತಲೆಮಾರುಗಳಿಂದ ದಡ್ಡನೆನ್ನಿಸಿಕೊಂಡು ಬಂದವನ ಮಗನು ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು ನಿಜವಾಗಿಯೇ ಮಂಕಾಗುವುದನ್ನು ನಾನು ನೋಡಿದ್ದೇನೆ. ಅದನ್ನು ಸ್ವಭಾವವೆಂದು ವಾದಿಸುವವರನ್ನೂ ಕೇಳಿದ್ದೇನೆ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಅದು ನಮ್ಮ ಪ್ರಾಂತ್ಯದ ದರ್ಶನದಿಂದಲೇ ಏಳುವುದು. ಮಾಧ್ವಮತದಲ್ಲಿ ಜೀವಜೀವರಿಗೆ ಭೇದವು ಸತ್ಯ. ಪ್ರತಿಯೊಂದು ಜೀವಕ್ಕೂ ಅದರದೇ ಆದ ಸ್ವರೂಪಯೋಗ್ಯತೆಯುಂಟು. ಅದು ಯಾರು ಕೊಟ್ಟುದೂ ಅಲ್ಲ, ಯಾರಿಂದಲೂ ಬದಲಾಗತಕ್ಕದ್ದೂ ಅಲ್ಲ. ಹಾಗಾದರೆ ಗ್ರಹಿಸಲಾರದವನ ಮುಂದೆ ಎಷ್ಟು ಶ್ರಮಪಟ್ಟರೂ ಏನು ಫಲ ಎಂದು ಕೇಳಬಹುದು. ಈ ಪ್ರಶ್ನೆಯನ್ನು ನಾನು ಬಹಳ ಆಲೋಚಿಸಿದ್ದೇನೆ. ನನಗೆ ತೋರುವುದೇನೆಂದರೆ, ಯೋಗ್ಯತೆಯು ಅನಾದಿಯೂ ಅಚಲವೂ ಆದುದೆಂದು ಎಷ್ಟು ದೃಢವಾಗಿ ನಂಬುತ್ತೇವೆಯೋ ಅಷ್ಟೂ ನೀಡುವವನ ಹೊಣೆಯು ಹೆಚ್ಚುವುದೇ ಹೊರತು ಕಡಮೆಯಾಗದು. ಒಂದು ಕಡೆಯದು ಬದಲಾಗುವಂತಿಲ್ಲವೆಂದಾದರೆ, ಬದಲಾಗತಕ್ಕದ್ದು ಮತ್ತೊಂದು ಕಡೆಯದೇ ತಾನೆ? ಒಂದೇ ಆವೃತ್ತಿಗೆ ಶ್ರುತಿಗೊಂಡ ಮಾನಿಟರು ಬಾಗದು. ನೂರು ಆವೃತ್ತಿಗಳಲ್ಲಿ ನುಡಿಯಬಲ್ಲ ಗಣಕವು ಬಾಗಬೇಕು. ಸ್ವಭಾವಭೇದವನ್ನು ಸತ್ಯವೆಂದು ಒಪ್ಪಿದ ದ್ವೈತಿಯೇ, ಎಲ್ಲರಿಗೂ ಒಂದೇ ಪಾಠವನ್ನು ಒಂದೇ ಕ್ರಮದಲ್ಲಿ ಒಪ್ಪಿಸಿ, ತಲುಪದವನನ್ನು ಹೊರಗಿಡುವ ಪದ್ಧತಿಯನ್ನು ಎಲ್ಲರಿಗಿಂತ ಮೊದಲು ತ್ಯಜಿಸಬೇಕಾದವನು. ತಮೋಯೋಗ್ಯರೆಂಬ ವರ್ಗವನ್ನು ಆ ಮತವು ಹೇಳುವುದಲ್ಲವೇ ಎಂದರೆ, ಹೇಳುವುದು ನಿಜ; ಆದರೆ ಎದುರಿಗೆ ನಿಂತ ಇಂಥವನೇ ಆ ವರ್ಗದವನೆಂದು ಹೊರಗಿನ ಲಕ್ಷಣಗಳಿಂದ, ಅದರಲ್ಲಿಯೂ ಹುಟ್ಟಿನ ಮನೆಯಿಂದ, ನಿಶ್ಚಯಿಸುವ ಕಣ್ಣು ನಮ್ಮಲ್ಲಿ ಯಾರಿಗಿದೆ?

ಮೂಕನೆಂದು ನಾವು ತಿಳಿದವನು ಮೂಕನೇ ಆಗಿರಬೇಕೆಂದೂ ಇಲ್ಲ. ಸನ್ ಮಾನಿಟರಿನ ಆ ಹತ್ತು ಸೂಜಿಗಳಲ್ಲಿ ಮೂರು ಸೂಜಿಗಳಿಗೆ ಚಿತ್ರದ ಕೆಲಸವೇ ಇಲ್ಲ. ತಾನು ಯಾವ ಜಾತಿಯ ಮಾನಿಟರು, ಯಾವ ಕ್ರಮದ ಚಿತ್ರವನ್ನು ಬಯಸುವೆನು ಎಂಬುದನ್ನು ತನ್ನ ಗಣಕಕ್ಕೆ ತಿಳಿಸಲಿಕ್ಕಾಗಿಯೇ ಅವು ಇರುವುದು. ಅದು ತನ್ನವರೊಡನೆ ತನ್ನ ಸಂಜ್ಞೆಯಲ್ಲಿ ಮಾತನಾಡುತ್ತಲೇ ಇತ್ತು. ಮನೆಯ ಗಣಕಕ್ಕೆ ಆ ಭಾಷೆ ತಿಳಿಯದು, ಅಷ್ಟೆ. 1994ರಲ್ಲಿ ಡಿಡಿಸಿ ಎಂಬ ನಿಯಮ ಬಂದ ಮೇಲೆ ಮಾನಿಟರುಗಳು ತಮ್ಮ ಸಾಮರ್ಥ್ಯವನ್ನು ಗಣಕಕ್ಕೆ ಒಂದು ಸಮಾನ ರೀತಿಯಲ್ಲಿ ಹೇಳಿಕೊಳ್ಳತೊಡಗಿದವು. ಅದಕ್ಕೂ ಮುಂಚೆ, 1980ರ ದಶಕದಲ್ಲಿಯೇ, ಎನ್‌ಇಸಿ ಕಂಪೆನಿಯ ಮಲ್ಟಿಸಿಂಕ್‌ನಂಥ ಬಹುವೇಗದ ಮಾನಿಟರುಗಳೂ ಬಂದಿದ್ದವು. ಬಹುವೇಗದವು ಶ್ರೇಷ್ಠ, ಏಕವೇಗದವು ಕನಿಷ್ಠವೆನ್ನಲು ನಾನು ಒಪ್ಪಲಾರೆ. ಎಲ್ಲ ಮೂರ್ತಿಗಳಿಗೂ ಕೈಮುಗಿಯುವವನ ಭಕ್ತಿಯಂತೆಯೇ ಒಂದೇ ಮೂರ್ತಿಯನ್ನು ಜೀವಮಾನವಿಡೀ ಹಿಡಿದವನ ನಿಷ್ಠೆಯೂ ಪೂರ್ಣವಾದುದು.

ಈ ಹೊಣೆಯನ್ನು ಹೊತ್ತುಕೊಂಡವರು ನಮ್ಮ ಊರಿನಲ್ಲಿಯೇ ಆಗಿಹೋಗಿದ್ದಾರೆಂಬುದು ನನಗೆ ಹೆಮ್ಮೆಯ ಸಂಗತಿ. ಬಂದರಿನಿಂದ ದೂರವಿಲ್ಲದ ಕುದ್ರೋಳಿಯಲ್ಲಿ, ದೇವಾಲಯಗಳೊಳಗೆ ಪ್ರವೇಶವಿಲ್ಲದಿದ್ದ ಬಿಲ್ಲವರ ಪ್ರಾರ್ಥನೆಗೆ ಓಗೊಟ್ಟು ಬಂದ ನಾರಾಯಣಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ನೀವು ಯೋಗ್ಯರಾಗಿ ಬನ್ನಿರೆಂದು ಅವರು ಹೇಳಲಿಲ್ಲ, ದೇವರನ್ನೇ ಅವರಿದ್ದಲ್ಲಿಗೆ ತಂದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಸಂಸ್ಥೆಯನ್ನು ಸ್ಥಾಪಿಸಿ, ಅಕ್ಷರವು ನಿಷಿದ್ಧವೆನ್ನಿಸಿದ್ದ ಮಕ್ಕಳನ್ನು ಕುಳ್ಳಿರಿಸಿ ಕಲಿಸಿದರು. ತಮ್ಮ ಜಾತಿಯವರ ಬಹಿಷ್ಕಾರವನ್ನು ಅದಕ್ಕಾಗಿ ಸಹಿಸಿದರು. ಬಾಸೆಲ್ ಮಿಶನ್ನಿನವರ ಉದ್ದೇಶವು ಮತಪ್ರಚಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೇಳುವವರು ಜರ್ಮನ್ ಕಲಿಯಲೆಂದು ಅವರು ಕಾಯಲಿಲ್ಲ. ಮೋಗ್ಲಿಂಗರು 1843ರಲ್ಲಿ ಮಂಗಳೂರ ಸಮಾಚಾರವನ್ನು ಕನ್ನಡದಲ್ಲಿ ಹೊರಡಿಸಿದರು, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಅಚ್ಚಾಯಿತು, ಕಿಟ್ಟೆಲರ ಮಹಾಕೋಶ 1894ರಲ್ಲಿ. ಉಡುಪಿಯ ಐತಿಹ್ಯದಲ್ಲಿ ಕನಕದಾಸರಿಗಾಗಿ ದೇವರೇ ಪಶ್ಚಿಮಕ್ಕೆ ತಿರುಗಿದನೆಂದು ಹೇಳುವರು. ತಿರುಗಬಲ್ಲವನು ತಿರುಗಿದನು, ತಿರುಗಬಹುದಾಗಿದ್ದ ಮನುಷ್ಯರು ನಿಂತಲ್ಲಿಯೇ ನಿಂತರು.

ಈ ಹಳೆಯ ಬಂದರಿನ ಬದುಕೇ ಅದೇ ನ್ಯಾಯದಲ್ಲಿ ನಡೆಯಿತು. ಅಳಿವೆಯ ಬಾಯಿಗೆ ಅಡ್ಡಲಾದ ಮರಳದಿಣ್ಣೆಯಿಂದಾಗಿ ದೊಡ್ಡ ಹಡಗುಗಳು ದಕ್ಕೆಗೆ ಬರಲಾರದೆ ಕಡಲಲ್ಲಿಯೇ ಲಂಗರು ಹಾಕಬೇಕಾಗಿತ್ತು. ಹಂಚು, ಕಾಫಿಗಳನ್ನು ಸಣ್ಣ ದೋಣಿಗಳಲ್ಲಿ ಅಲ್ಲಿಯವರೆಗೆ ಒಯ್ದು ಏರಿಸುತ್ತಿದ್ದರು. ಅಳಿವೆಯು ಅನಧಿಕಾರಿಯೆಂದು ಯಾವ ವರ್ತಕನೂ ವ್ಯಾಪಾರವನ್ನು ಬಿಡಲಿಲ್ಲ. ಇಂದಿಗೂ ಇಲ್ಲಿಯ ಅಂಗಡಿಯವನು ಗಿರಾಕಿಯ ಮುಖ ನೋಡಿ ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳಗಳಲ್ಲಿ ಯಾವುದು ಬೇಕೋ ಅದರಲ್ಲಿ ಕ್ರಯ ಹೇಳುತ್ತಾನೆ. ಮಾನಿಟರನ್ನು ಹಾಳೆಂದ ಕಾಕನೂ ಅಂಥವರೇ: ಮನುಷ್ಯರೊಡನೆ ಎಂದೂ ಮಾಡದ ತಪ್ಪನ್ನು ಅವರು ಒಂದು ಯಂತ್ರದೊಡನೆ ಮಾಡಿದರು, ಶಾಸ್ತ್ರ ಬಲ್ಲ ನಾವು ಯಂತ್ರದೊಡನೆ ಮಾಡದ ತಪ್ಪನ್ನು ಮನುಷ್ಯರೊಡನೆ ಮಾಡಿಕೊಂಡು ಬಂದಿದ್ದೇವೆ.

ಸಂಜೆಯ ಹೊತ್ತಿಗೆ ಮಾನಿಟರಿನಲ್ಲಿ ಅಕ್ಷರಗಳು ಮೂಡಿದವು. ಅಷ್ಟು ಸ್ಥಿರವಾದ, ಅಷ್ಟು ಕಪ್ಪಾದ ಅಕ್ಷರಗಳನ್ನು ನಾನು ಮನೆಯ ಗಣಕದಲ್ಲಿ ಕಂಡಿರಲಿಲ್ಲ. ಪ್ರತಿಯೊಂದು ಮಾನಿಟರಿಗೂ ಈ ಭಾಗ್ಯ ಲಭಿಸದೆಂಬುದೂ, ಕೆಲವು ನಿಜವಾಗಿಯೇ ಕೆಟ್ಟಿರುವುವೆಂಬುದೂ ನಿಜ. ಸೋಮಾರಿತನವನ್ನು ಸ್ವಭಾವವೆಂದು ಕರೆದು ಕ್ಷಮಿಸಬೇಕೆಂದೂ ನಾನು ಹೇಳುತ್ತಿಲ್ಲ. ಪರೀಕ್ಷೆಯು ಕ್ರಮದಲ್ಲಿ ನಡೆಯಬೇಕೆಂಬುದಷ್ಟೇ ನನ್ನ ಹಟ: ಮೊದಲು ನೀಡುವವನ ಕ್ರಮದ ಪರೀಕ್ಷೆ, ಅನಂತರ ಗ್ರಹಿಸುವವನ ಯೋಗ್ಯತೆಯ ಪರೀಕ್ಷೆ.

ಆದುದರಿಂದ ನಮ್ಮ ಮಠಮಂದಿರಗಳಲ್ಲಿ ಪಾಠ ಹೇಳುವವರಲ್ಲಿಯೂ, ವಿಶೇಷವಾಗಿ ನಮ್ಮ ಪ್ರಾಥಮಿಕ ಶಾಲೆಗಳ ಅಧ್ಯಾಪಕರಲ್ಲಿಯೂ ನನ್ನದೊಂದು ಬಿನ್ನಹ. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಒಂದನೆಯ ತರಗತಿಗೆ ಬರುವ ಬಂದರಿನ ಮಗುವಿನ ಮನೆಮಾತು ಬ್ಯಾರಿಯಿರಬಹುದು, ಕೊಂಕಣಿಯಿರಬಹುದು, ತುಳುವಿರಬಹುದು. ನೀವು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಕೇಳಿದ ಪ್ರಶ್ನೆಗೆ ಅದು ಮಾತಿಲ್ಲದೆ ನಿಂತರೆ, ಹಾಜರಿ ಪುಸ್ತಕದ ಬದಿಯಲ್ಲಿ ಏನನ್ನೂ ಬರೆಯಬೇಡಿ. ಅದೇ ಪ್ರಶ್ನೆಯನ್ನು ಅದರ ಮನೆಮಾತಿನಲ್ಲಿ, ನಿಮಗೆ ಬಾರದಿದ್ದರೆ ಪಕ್ಕದ ಮಗುವಿನ ಬಾಯಿಂದಾದರೂ, ಇನ್ನೊಮ್ಮೆ ಕೇಳಿಸಿ. ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ.